ನಲವತ್ತನೆಯ ಪಾಠ

ಜನವರಿಯಲ್ಲಿ ಸಾಗರದಲ್ಲಿ ಸೂರ್ಯ ಮುಳುಗುವುದು ಆರೂ ಕಾಲರ ಸುಮಾರಿಗೆ. ಬಸದಿಯ ಹಿಂದಿನ ಓಣಿಯಲ್ಲಿದ್ದ ಧರ್ಮಪ್ಪನವರ ಮನೆಯಲ್ಲಿ ಅಷ್ಟರೊಳಗೆ ಎಲ್ಲರ ಊಟ ಮುಗಿದು ಒಲೆ ಆರಿರಬೇಕು. ಜೈನರ ಮನೆ, ಕತ್ತಲಾದ ಮೇಲೆ ಉಣ್ಣುವ ರೂಢಿಯಿಲ್ಲ. ಸೊಸೆ ಶೀಲಾವತಿ ಓದುತ್ತಿದ್ದ ಶಿಕ್ಷಕರ ಟ್ರೈನಿಂಗ್ ಸಂಸ್ಥೆ ಬಿಡುತ್ತಿದ್ದದ್ದು ಐದೂವರೆಗೆ. ಅಲ್ಲಿಂದ ಮನೆಗೆ ಅರ್ಧ ಗಂಟೆಯ ನಡಿಗೆ. ಕೈಕಾಲು ತೊಳೆದು ಉಂಡೇಳಲು ಅವಳಿಗೆ ಉಳಿಯುತ್ತಿದ್ದದ್ದು ಹದಿನೈದು ನಿಮಿಷ. ತೋಟಗಾರಿಕೆಯ ಪೀರಿಯಡ್ಡು ಸ್ವಲ್ಪ ಎಳೆದರೆ ಅದೂ ಇಲ್ಲ.

ಅವತ್ತು ಎಳೆದಿತ್ತು.

"ಬಾಗಿಲಲ್ಲಿ ನಿಂತು ಆಕಾಶ ನೋಡ್ಬೇಡ, ಒಳಗೆ ಬಾ," ಎಂದು ಅತ್ತೆ ಶಾಂತಮ್ಮ ಕೂಗಿದರು. "ಅನ್ನ ಬಡಿಸಿದ್ದೀನಿ."

"ಮುಳುಗ್ತಲ್ಲ ಅತ್ತೆ?"

"ಬಸದಿ ಕಳಶದ ಮೇಲೆ ಇನ್ನೂ ಬಿಸಿಲಿದೆ. ನಾ ನೋಡ್ಕೊಂಡೇ ಬಡಿಸಿದ್ದು. ಮಾತಾಡ್ದೆ ಉಣ್ಣು."

ಜಗಲಿಯಲ್ಲಿ ಕೂತಿದ್ದ ಮಾವ ಧರ್ಮಪ್ಪನವರು ನಕ್ಕರು. "ನಿಮ್ಮ ಸಂಸ್ಥೆಯವರ ಕೈಲಿ ಒಂದು ಅರ್ಜಿ ಬರೆಸು ಮಾರಾಯ್ತಿ. ಸಾಗರದ ಮಟ್ಟಿಗೆ ಸೂರ್ಯನ್ನ ಅರ್ಧ ಗಂಟೆ ತಡೆಹಿಡೀಬೇಕು ಅಂತ."

"ಸೂರ್ಯನ್ನಲ್ಲ, ಆ ಮೇಷ್ಟ್ರುಗಳನ್ನ ತಡೀಬೇಕು," ಎಂದರು ಶಾಂತಮ್ಮ. "ಮಕ್ಕಳಿಗೆ ಅ ಆ ಕಲಿಸೋಕೆ ಗುದ್ದಲಿ ಹಿಡಿದು ಪಾತಿ ಯಾಕೆ ಮಾಡ್ಬೇಕು? ನೂಲು ಯಾಕೆ ತೆಗೀಬೇಕು?"

ಈ ಪ್ರಶ್ನೆ ಆ ಮನೆಯಲ್ಲಿ ಒಂದೂವರೆ ವರ್ಷದಿಂದ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಲು ಇನ್ನೇನು ಬೇಕು ಎಂದು ಶಾಂತಮ್ಮ ಮೊದಲು ತಿಳಿದಿದ್ದರು. ಬೇಕಾದದ್ದು ಬಹಳವಿತ್ತು. ಸೇರುವಾಗ ಡಾಕ್ಟರ ಸರ್ಟಿಫಿಕೇಟು, ನಡತೆಯ ಸರ್ಟಿಫಿಕೇಟು. ಸೇರಿದ ಮೇಲೆ ಎರಡು ವರ್ಷದ ಹಾಜರಿ, ಮನಶ್ಶಾಸ್ತ್ರ, ಬೋಧನಾ ಪದ್ಧತಿ, ತಕಲಿಯಲ್ಲಿ ತೆಗೆದ ಲಡಿ ಲಡಿ ನೂಲು, ತಾನೇ ಬೆಳೆಸಿದ ಒಂದು ಪಾತಿ ತರಕಾರಿ. ನೂಲಿನ ವಿಷಯದಲ್ಲಿ ಧರ್ಮಪ್ಪನವರು ಒಮ್ಮೆ ತಾವೇ ಎರಡು ಲಡಿ ತೆಗೆದು ಸೊಸೆಯ ಚೀಲದೊಳಗೆ ಸೇರಿಸಲು ಹೋಗಿ ಸಿಕ್ಕಿಬಿದ್ದಿದ್ದರು. ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಅಳೆಯುವ ಕೆಲಸ ಅವರದು. ಅವರ ಎಳೆ ಸೊಸೆಯದಕ್ಕಿಂತ ನಯವಾಗಿತ್ತು. ಶೀಲಾವತಿ ಅದನ್ನು ಬೇರೆ ಎತ್ತಿಟ್ಟು, "ಮಾವ, ಇದು ನಿಮ್ಮ ಸರ್ಟಿಫಿಕೇಟಿಗೆ ಇರ್ಲಿ," ಎಂದಿದ್ದಳು.

ಎಲ್ಲಕ್ಕಿಂತ ದೊಡ್ಡದು ಪಾಠಗಳು. ಸಂಸ್ಥೆಯ ಪಕ್ಕದ ಅಭ್ಯಾಸ ಶಾಲೆಯಲ್ಲಿ ಪ್ರತಿಯೊಬ್ಬರೂ ನಲವತ್ತು ಪಾಠ ಮಾಡಬೇಕು. ಪ್ರತಿ ಪಾಠಕ್ಕೂ ಮೊದಲೇ ಟಿಪ್ಪಣಿ ಬರೆಯಬೇಕು. ಪಾಠ ನೋಡಿದ ಮೇಷ್ಟ್ರು ಒಪ್ಪಿದರೆ ಟಿಪ್ಪಣಿಯ ಕೆಳಗೆ ರುಜು ಹಾಕುತ್ತಾರೆ. ನಲವತ್ತು ರುಜು ಇಲ್ಲದವರು ಮಾರ್ಚ್ ತಿಂಗಳ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆಯಿಲ್ಲದೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಕೆಲಸವಿಲ್ಲ. ಶೀಲಾವತಿಯ ಪುಸ್ತಕದಲ್ಲಿ ಮೂವತ್ತೊಂಬತ್ತು ರುಜುಗಳಿದ್ದವು.

ನಲವತ್ತನೆಯದು ವಿಮರ್ಶೆಯ ಪಾಠ. ಜೊತೆಯವರೆಲ್ಲ ಹಿಂದೆ ಕೂತು ನೋಡುತ್ತಾರೆ, ಮುಗಿದ ಮೇಲೆ ತಪ್ಪು ಹೇಳುತ್ತಾರೆ. ನಾಲ್ಕನೆಯ ತರಗತಿ, ವಿಜ್ಞಾನ, ವಿಷಯ 'ಆಹಾರ ಕೂಡಿಡುವ ಬೇರುಗಳು'.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೊಡದ ಬಾಯಿಗೆ ಬಟ್ಟೆ ಹಿಡಿದು ನೀರು ಸೋಸುತ್ತಿದ್ದಾಗ ಶೀಲಾವತಿ ಕೇಳಿದಳು. "ಅತ್ತೆ, ನಾವು ತಿನ್ನದೇ ಇರೋ ಬೇರುಗಳು ಯಾವ್ಯಾವುದು? ಚಿತ್ರ ಬರೀಬೇಕು."

ಶಾಂತಮ್ಮನವರಿಗೆ ಸೊಸೆಯ ಓದಿನಲ್ಲಿ ತಮಗೆ ಗೊತ್ತಿರುವುದೊಂದು ಮೊದಲ ಸಲ ಬಂದಿತ್ತು. ಅವರು ಬೆರಳು ಮಡಚುತ್ತಾ ಹೇಳಿದರು. "ಮೂಲಂಗಿ, ಕ್ಯಾರೆಟ್ಟು, ಬೀಟ್‌ರೂಟು. ಆಲೂಗೆಡ್ಡೆ. ಈರುಳ್ಳಿ, ಬೆಳ್ಳುಳ್ಳಿ. ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ. ಹಸಿ ಶುಂಠಿ, ಹಸಿ ಅರಿಸಿನ. ಒಣಗಿದ್ದು ನಡೀತದೆ."

"ಎಲ್ಲಾ ಬೇರೇ ತಾನೆ?"

"ನೆಲದೊಳಗೆ ಬೆಳೆಯೋದು ಇನ್ನೇನಾಗಿರ್ತದೆ? ಕಂದಮೂಲ ಅಂತ ಹಿರಿಯರು ಸುಮ್ನೆ ಒಟ್ಟಿಗೆ ಕಟ್ಟಿದ್ರಾ?"

ಶೀಲಾವತಿ ಎರಡು ದಿನ ಕೂತು ಬಣ್ಣದ ಪಟ ಬರೆದಳು. ಮೇಲೆ ಮೂಲಂಗಿ, ನಡುವೆ ಆಲೂಗೆಡ್ಡೆ, ಪಕ್ಕದಲ್ಲಿ ಈರುಳ್ಳಿ, ಕೆಳಗೆ ಅರಿಸಿನ. ಧರ್ಮಪ್ಪನವರು ಅಂಗಡಿಯಿಂದ ತಂದ ದಪ್ಪ ಕಾಗದದ ಮೇಲೆ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಪಾಠವೂ ಚೆನ್ನಾಗಿ ಹೋಯಿತು. ಮಕ್ಕಳು ಕೇಳಿದ್ದಕ್ಕೆಲ್ಲ ಕೈ ಎತ್ತಿದರು, ಹೇಳಿದ್ದನ್ನೆಲ್ಲ ಬರೆದುಕೊಂಡರು. ಅವರನ್ನು ಕಳಿಸಿದ ಮೇಲೆ ಜೊತೆಯವರ ಸರದಿ. ಕಪ್ಪುಹಲಗೆಯ ಸಾಲು ಓರೆ ಎಂದರು ಒಬ್ಬರು. ಕೊನೆಯ ಸಾಲಿನವರಿಗೆ ಪ್ರಶ್ನೆ ಕೇಳಲಿಲ್ಲ ಎಂದರು ಇನ್ನೊಬ್ಬರು. ಪಟ ಚೆನ್ನಾಗಿತ್ತು ಎಂದು ಎಲ್ಲರೂ. ಕೊನೆಗೆ ಮಂಜುನಾಥಪ್ಪ ಮೇಷ್ಟ್ರು ಎದ್ದರು. ವಿಜ್ಞಾನ ಬೋಧನೆ ಅವರದು. ಮಾತು ಕಡಿಮೆ.

"ಆಲೂಗೆಡ್ಡೆ ಬೇರು ಅಂತ ನಿಮಗೆ ಹೇಳಿದವರು ಯಾರು?"

"ನಮ್ಮ ಅತ್ತೆ, ಸಾರ್."

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಅವರು ನೋಡಿದಾರಾ?"

"ಇಲ್ಲ ಸಾರ್. ನಮ್ಮನೇಗೆ ತರೋದಿಲ್ಲ."

"ನೀವು?"

"ಸಂತೇಲಿ ನೋಡಿದ್ದೀನಿ."

"ಕೈಯಲ್ಲಿ ಹಿಡಿದು?"

"ಇಲ್ಲ ಸಾರ್."

ನಗು ನಿಂತಿತ್ತು. "ಸರಿ. ಭೂಗತ ಕಾಂಡಕ್ಕೆ ಉದಾಹರಣೆ ಕೊಡಿ," ಎಂದರು ಮೇಷ್ಟ್ರು.

"ಆಲೂಗೆಡ್ಡೆ, ಶುಂಠಿ, ಅರಿಸಿ..." ಎನ್ನುತ್ತಿದ್ದ ಹಾಗೆ ಅವಳು ನಿಂತುಬಿಟ್ಟಳು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಸಾಲು ತಾನಾಗಿ ಹೊರಗೆ ಬಂದಿತ್ತು. ಪುಸ್ತಕದ ಆ ಸಾಲೂ ಅವಳಲ್ಲಿತ್ತು, ಅತ್ತೆಯ ಪಟ್ಟಿಯೂ ಇತ್ತು. ಹೈಸ್ಕೂಲು ಬಿಟ್ಟ ಮೇಲಿನ ಐದು ವರ್ಷದಲ್ಲಿ ಎರಡೂ ಒಂದನ್ನೊಂದು ಸಂಧಿಸಿರಲಿಲ್ಲ.

"ಮೂವತ್ತಾರು ಮಕ್ಕಳು ಇವತ್ತು ತಪ್ಪು ಬರ್ಕೊಂಡು ಮನೆಗೆ ಹೋದರು," ಎಂದರು ಮಂಜುನಾಥಪ್ಪ ಮೇಷ್ಟ್ರು. "ಈರುಳ್ಳೀನೂ ತಪ್ಪು. ಅದು ಬೇರಲ್ಲ, ದಪ್ಪಗಾದ ಎಲೆ. ನಾನು ಇದಕ್ಕೆ ರುಜು ಹಾಕೋದಿಲ್ಲ. ಫೆಬ್ರವರಿ ಮಧ್ಯದೊಳಗೆ ಇದೇ ಮಕ್ಕಳಿಗೆ ಇದೇ ಪಾಠ ಮತ್ತೆ ಮಾಡಿ. ಪಟ ಬೇಡ, ವಸ್ತು ತನ್ನಿ. ಆಲೂಗೆಡ್ಡೆ ಚಿಗುರಿದ್ದೇ ಬೇಕು."

ಹೊರಗೆ ಬಂದಾಗ ಗೆಳತಿ ಹೂವಮ್ಮ ಜೊತೆಗೂಡಿದಳು. ಹೊಸನಗರದ ಕಡೆಯ ರೈತರ ಮಗಳು, ಸಂಸ್ಥೆಯ ಹಾಸ್ಟೆಲಿನಲ್ಲಿ ಇರುವವಳು.

"ಅತ್ತೆ ಹೆಸರು ಹೇಳೋಕೆ ಹೋದ್ಯಲ್ಲೇ! ಪುಸ್ತಕದಲ್ಲಿತ್ತು ಅನ್ನಬಾರದಿತ್ತಾ?"

"ಪುಸ್ತಕದಲ್ಲಿ ಸರಿಯಾಗಿತ್ತಲ್ಲ, ಅದೇ ಕಷ್ಟ."

"ಹೋಗ್ಲಿ ಬಿಡು. ಮೂಲಂಗಿ, ಹಸಿ ಅರಿಸಿನ ನಮ್ಮನೆಯಿಂದ ಬಸ್ಸಿಗೆ ಹಾಕ್ಸಿ ತರಿಸ್ತೀನಿ. ಆಲೂಗೆಡ್ಡೆ ಮಾತ್ರ ನೀನೇ ನೋಡ್ಕೋ. ಚಿಗುರು ಬರೋವರೆಗೆ ಇಟ್ಕೋಬೇಕು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಆಗಲ್ಲ. ಇವತ್ತು ಇಟ್ರೆ ನಾಳೆ ಪಲ್ಯ."

ಮನೆಯಲ್ಲಿ ಶೀಲಾವತಿ ಏನನ್ನೂ ಮುಚ್ಚಿಡಲಿಲ್ಲ. ಕೇಳುತ್ತಾ ಕೇಳುತ್ತಾ ಶಾಂತಮ್ಮನವರ ಮುಖ ಕೆಂಪಾಯಿತು.

"ಅಷ್ಟು ಜನರ ಮುಂದೆ ನನ್ನ ಹೆಸರು ಹೇಳಿದ್ಯಾ? ಎಲ್ಲಾ ನಗಾಡಿದ್ರಾ?"

"ಮೇಷ್ಟ್ರು ನಗಲಿಲ್ಲ ಅತ್ತೆ."

"ಅದೊಂದು ಉಪಕಾರ. ಬೇರಲ್ಲ ಅಂದ್ರೆ ಮತ್ತೆ ಎಂತದಂತೆ ಅದು?"

"ಕಾಂಡ."

"ಬಾಳೆ ದಿಂಡು ಇದ್ದ ಹಾಗಾ?"

"ಹಾಗೇ ಅಂತ ಇಟ್ಕೊಳ್ಳಿ."

ಧರ್ಮಪ್ಪನವರು ಕತ್ತು ಚಾಚಿದರು. "ಹಾಗಾದ್ರೆ ಇನ್ನು ತಿನ್ನಬಹುದೇನು?"

"ಬಾಯಿ ಮುಚ್ಚಿ. ಅರವತ್ತಾದ್ರೂ ನಾಲಿಗೆ ಅಡಗಲಿಲ್ಲ ನಿಮ್ದು." ಶಾಂತಮ್ಮ ಸೊಸೆಯ ಕಡೆ ತಿರುಗಿದರು. "ಕಾಂಡವೋ ಬೇರೋ, ನಮ್ಮ ಮನೆಗೆ ಅದು ಬರೋದಿಲ್ಲ."

"ಬರಲೇಬೇಕು ಅತ್ತೆ. ಚಿಗುರು ಬರೋತನಕ ನಾನೇ ಇಟ್ಟು ನೋಡ್ಬೇಕು. ಒಲೆಗೆ ಹಾಕಲ್ಲ. ನೋಡೋಕಷ್ಟೆ."

"ಇವತ್ತು ನೋಡೋಕೆ. ನಾಳೆ? ಮದುವೆಯಾಗಿ ಬಂದು ಮೂವತ್ತು ವರ್ಷ ಆಯ್ತು, ಈ ಹೊಸ್ತಿಲು ದಾಟಿ ಒಂದು ಈರುಳ್ಳಿ ಸಿಪ್ಪೆ ಬಂದಿಲ್ಲ. ಯಾರಾದ್ರೂ ನೋಡಿದ್ರೆ ನಾ ಬಸದಿಗೆ ಯಾವ ಮುಖ ಹೊತ್ತು ಹೋಗ್ಲಿ?"

"ನಲವತ್ತನೇ ರುಜು ಇಲ್ಲದೆ ಪರೀಕ್ಷೆಗೆ ಕೂರಿಸಲ್ಲ. ಎರಡು ವರ್ಷ ನೀರಿಗೆ ಹೋಗ್ತದೆ."

"ಒಂದು ಆಲೂಗೆಡ್ಡೆಗೋಸ್ಕರ ಹೋಗೋ ಓದು ಎಂತ ಓದು?"

ಐದಾರು ದಿನ ಅತ್ತೆ ಸೊಸೆಯರ ನಡುವೆ ಉಪ್ಪು, ನೀರು, ಸೌದೆ ಎಂಬಷ್ಟೇ ಮಾತು ಉಳಿಯಿತು. ಆದರೆ ಸಂಜೆ ಬಡಿಸಿದ ತಟ್ಟೆ ಮಾತ್ರ ತಪ್ಪದೆ ಕಾದಿರುತ್ತಿತ್ತು.

ಗಂಡ ಪುಷ್ಪದಂತ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದಲ್ಲಿ, ಸಾಮಾನಿನ ಸ್ಟೋರಿನಲ್ಲಿ ಟೆಂಪರರಿ ಗುಮಾಸ್ತ. ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಆ ವಾರ ಬಂದವನಿಗೆ ಹೆಂಡತಿ ವಿಷಯ ಹೇಳಿದಳು. "ನೋಡೋಣ," ಎಂದಷ್ಟೇ ಹೇಳಿ ಹೋದ.

ಮುಂದಿನ ಭಾನುವಾರ ಮಧ್ಯಾಹ್ನ ಅವನೂ ಧರ್ಮಪ್ಪನವರೂ ಊಟಕ್ಕೆ ಕೂತಿದ್ದರು. ಹೆಸರುಬೇಳೆ ತೊವ್ವೆ, ಬಾಳೆಕಾಯಿ ಪಲ್ಯ. ಒಗೆಯುವ ಬಟ್ಟೆ ತೆಗೆಯಲೆಂದು ಬಚ್ಚಲ ಹತ್ತಿರ ನೇತುಹಾಕಿದ್ದ ಮಗನ ಚೀಲಕ್ಕೆ ಶಾಂತಮ್ಮ ಕೈ ಹಾಕಿದರು. ಮರುಕ್ಷಣ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಊಟದ ಜಾಗಕ್ಕೆ ಬಂದು, ಬಾಗಿಲಾಚೆಯೇ ನಿಂತರು.

"ಇದೇನೋ ಇದು?"

"ಆಲೂಗೆಡ್ಡೆ ಅಮ್ಮ. ನಾಲ್ಕೇ ನಾಲ್ಕು. ಶೀಲನ ಪಾಠಕ್ಕೆ."

"ಎಲ್ಲಿಂದ ಬಂತು?"

"ಕ್ಯಾಂಟೀನಿಂದ. ಕೇಳಿದೆ, ಕೊಟ್ರು."

"ಕೇಳಿದ ಕೂಡ್ಲೇ ಕೊಟ್ರಾ? ಜೈನರ ಹುಡುಗ ಆಲೂಗೆಡ್ಡೆ ಯಾಕೆ ಕೇಳ್ತಾನೆ ಅಂತ ಅವರಿಗೆ ಆಶ್ಚರ್ಯ ಆಗಲಿಲ್ವಾ?"

ಪುಷ್ಪದಂತ ಅನ್ನ ಕಲಸುತ್ತಲೇ ಇದ್ದ. ಕಲಸಲು ಇನ್ನೇನೂ ಉಳಿದಿರಲಿಲ್ಲ.

"ಪುಷ್ಪಾ."

"ಪೂರಿ ಜೊತೆ ಅವರು ಬೇರೆ ಪಲ್ಯ ಮಾಡೋದೇ ಇಲ್ಲಮ್ಮ."

ಧರ್ಮಪ್ಪನವರಿಗೆ ನೆತ್ತಿಗೇರಿ ಕೆಮ್ಮು ಬಂತು. ಶೀಲಾವತಿ ನೀರಿನ ಲೋಟ ಮುಂದಿಟ್ಟಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

ಶಾಂತಮ್ಮ ಜೋರು ಮಾಡುತ್ತಾರೆಂದು ಎಲ್ಲರೂ ಕಾದರು. ಅವರು ಚೀಲವನ್ನು ನಿಧಾನವಾಗಿ ಅಂಗಳದ ಕಲ್ಲಿನ ಮೇಲೆ ಇಟ್ಟು, ಕೈ ತೊಳೆದು ಬಂದರು.

"ಈ ಹುಡುಗಿ ಒಂದೂವರೆ ವರ್ಷದಿಂದ ಏದುಸಿರು ಬಿಡ್ತಾ ಓಡಿ ಬರ್ತಾಳೆ. ಹೊತ್ತು ಮೀರಿದ್ರೆ ಹಾಗೇ ಮಲಗ್ತಾಳೆ. ಹೂವಮ್ಮ ಹಾಸ್ಟೆಲಿಗೆ ಕರೆದ್ರೂ ಹೋಗಿ ಒಂದು ತುತ್ತು ತಿಂದವಳಲ್ಲ. ನೀನು ಅಲ್ಲಿ ಪೂರಿ ತಿಂತೀಯ."

"ತಪ್ಪಾಯ್ತಮ್ಮ. ಇನ್ನೆಷ್ಟು ದಿನ? ಪೂರಿಯೂ ಇಲ್ಲ, ಸಂಬಳವೂ ಇಲ್ಲ. ಅಣೆಕಟ್ಟು ಮುಗೀತಾ ಬಂತು. ಏಪ್ರಿಲ್‌ಗೆ ಸ್ಟೋರು ಮುಚ್ತಾರೆ. ಕೆಲಸ ಬಿಡಿಸೋರ ಪಟ್ಟೀಲಿ ನನ್ನ ಹೆಸರಿದೆ."

ಶಾಂತಮ್ಮ ಸೊಸೆಯ ಮುಖ ನೋಡಿದರು. "ನಿಂಗೆ ಗೊತ್ತಿತ್ತಾ?"

"ಇಲ್ಲ ಅತ್ತೆ. ಈಗಲೇ ಕೇಳ್ತಿರೋದು."

"ಹೆಂಡತಿ ಹತ್ರ ಮುಚ್ಚಿಡೋದು ಒಂದಾ ಎರಡಾ ನಿಂಗೆ!" ಎಂದು ಮಗನಿಗೆ ಹೇಳಿ, ಧರ್ಮಪ್ಪನವರ ತಟ್ಟೆಗೆ ತೊವ್ವೆ ಬಡಿಸಿ, ಪುಷ್ಪದಂತನ ತಟ್ಟೆಗೂ ಬಡಿಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು. "ಸೌದೆ ಕೊಟ್ಟಿಗೇಲಿ ಇಟ್ಕೋ ಶೀಲಾ. ಹೊಸ್ತಿಲಿಂದ ಈಚೆಗೆ ಬರಬಾರದು. ಮುಟ್ಟಿದ ಮೇಲೆ ಕೈ ತೊಳೆದು ಅಡುಗೆಮನೆಗೆ ಬಾ."

ಒಡೆದ ಮಡಕೆಯಲ್ಲಿ ಮರಳು ತುಂಬಿ ಶೀಲಾವತಿ ನಾಲ್ಕು ಆಲೂಗೆಡ್ಡೆಗಳನ್ನೂ ಅರ್ಧ ಹೂತಳು. ಬೀಜ ಮೊಳೆಯಲು ನೀರು ಬೇಕು ಎಂದು ಓದಿದ್ದಳು. ದಿನವೂ ಎರಡು ಹೊತ್ತು ನೀರು ಚಿಮುಕಿಸಿದಳು. ಎಂಟನೆಯ ದಿನ ಬೆಳಿಗ್ಗೆ ಸೌದೆ ತರಲು ಹೋದ ಶಾಂತಮ್ಮ ಮೂಗು ಮುಚ್ಚಿಕೊಂಡು ಬಂದರು.

"ನಿನ್ನ ಆಲೂಗೆಡ್ಡೆ ಕೊಳೆತು ನಾರ್ತಾ ಇದೆ."

ಎರಡು ಪೂರ್ತಿ ಮೆತ್ತಗಾಗಿದ್ದವು. ಉಳಿದೆರಡು ಗಟ್ಟಿಯಿದ್ದವು; ಚಿಗುರಿನ ಸುಳಿವಿಲ್ಲ. ಪಾಠಕ್ಕೆ ಇನ್ನು ಎರಡೂವರೆ ವಾರ. ಶೀಲಾವತಿ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟಳು.

"ಅಳಬೇಡ. ನೀರು ಹಾಕು ಅಂತ ಯಾರು ಹೇಳಿದ್ರು ನಿಂಗೆ?"

"ಹಾಕ್ಬೇಕಲ್ವಾ ಅತ್ತೆ?"

"ಬಿತ್ತನೆ ಗೆಡ್ಡೆಗೆ ಯಾರಾದ್ರೂ ನೀರು ಹಾಕ್ತಾರಾ? ತೀರ್ಥಹಳ್ಳಿಲಿ ನಮ್ಮ ಅಪ್ಪಯ್ಯ ಮಾರೋಕೆ ಅಂತ ಅರಿಸಿನ ಬೆಳೆಸ್ತಿದ್ರು. ಅಗೆದು ತಂದು, ಬೂದಿ ಹಚ್ಚಿ, ಒಣಗಿದ ಜಾಗದಲ್ಲಿ ಹರಡಿ ಇಡೋರು. ಹೊತ್ತಿಗೆ ಸರಿಯಾಗಿ ಅದರ ಪಾಡಿಗೆ ಅದು ಕಣ್ಣು ಬಿಡ್ತಿತ್ತು."

ಹೇಳಿದವರು ಸುಮ್ಮನೆ ನಿಲ್ಲಲಿಲ್ಲ. ಒಲೆಯಿಂದ ತಣ್ಣಗಿನ ಬೂದಿ ತಂದರು. ಬಾಳೆಲೆಯ ಚೂರೊಂದನ್ನು ಕೈಗೆ ಅಡ್ಡ ಹಿಡಿದು, ಎರಡು ಆಲೂಗೆಡ್ಡೆಗಳನ್ನೂ ಎತ್ತಿ, ಬೂದಿಯಲ್ಲಿ ಹೊರಳಿಸಿ, ಕೊಟ್ಟಿಗೆಯ ಮೂಲೆಯ ಹಲಗೆಯ ಮೇಲೆ ಇಟ್ಟರು. ಎಲೆಯನ್ನು ಗೊಬ್ಬರದ ಗುಂಡಿಗೆ ಎಸೆದು ಬಂದು ಮೂರು ಸಲ ಕೈ ತೊಳೆದರು.

ಆಮೇಲೆ ಬೆಳಿಗ್ಗೆ ಒಂದು ಸಲ ತರುತ್ತಿದ್ದ ಸೌದೆಯನ್ನು ಅವರು ಎರಡು ಮೂರು ಸಲ ತರತೊಡಗಿದರು. ಧರ್ಮಪ್ಪನವರು ಇದನ್ನು ಗಮನಿಸಿ, "ಒಲೆ ಈಗ ಜಾಸ್ತಿ ಸೌದೆ ತಿಂತಿದೆ," ಎಂದು ಸೊಸೆಗೆ ಕಣ್ಣಲ್ಲೇ ತೋರಿಸಿದರು.

ಒಂಬತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು ಬಂತು. "ಶೀಲಾ! ಬಾ ಇಲ್ಲಿ, ಬೇಗ!"

ಹಿಟ್ಟಿನ ಕೈಯಲ್ಲೇ ಓಡಿದಳು. ಆಲೂಗೆಡ್ಡೆಯ ತಗ್ಗುಗಳಲ್ಲಿ ಅಕ್ಕಿಕಾಳಿನಷ್ಟು ದಪ್ಪದ, ನಸು ನೇರಳೆ ಬಣ್ಣದ ಮೊಳಕೆಗಳು ತಲೆ ಎತ್ತಿದ್ದವು. ಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದರು. ಮುಟ್ಟಿರಲಿಲ್ಲ.

"ನೋಡು, ಕಣ್ಣಿದ್ದಲ್ಲೇ ಬಂದಿದೆ. ಬೇರೆ ಕಡೆ ಒಂದೂ ಇಲ್ಲ. ಅರಿಸಿನಕ್ಕೂ ಹೀಗೇ, ಗೆಣ್ಣಲ್ಲೇ ಬರೋದು. ಕಬ್ಬಿಗೂ ಹೀಗೇ. ಕಣ್ಣು ಇರೋ ತುಂಡು ಹೂಳಿದ್ರೆ ಮಾತ್ರ ಗಿಡ." ಅವರು ಸೊಸೆಯ ಕಡೆ ತಿರುಗಿ ಕೇಳಿದರು. "ಮೂಲಂಗೀಗೆ ಮೈಮೇಲೆ ಕಣ್ಣಿರ್ತದಾ?"

"ಗೊತ್ತಿಲ್ಲ ಅತ್ತೆ."

"ನಂಗೂ ಗೊತ್ತಿಲ್ಲ. ಅದನ್ನ ನೋಡು ಮೊದಲು."

ಆ ಸಂಜೆ ಶೀಲಾವತಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಹೂವಮ್ಮನ ಮೂಲಂಗಿಯನ್ನು ತುದಿಯಿಂದ ತಲೆಯವರೆಗೆ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣಿರಲಿಲ್ಲ, ನೂಲಿನಂಥ ಕಿರುಬೇರುಗಳಿದ್ದವು. ಪಾಠದ ಟಿಪ್ಪಣಿಯನ್ನು ಅಲ್ಲಿಯೇ ಮೊದಲಿನಿಂದ ಬರೆದಳು. ಮನೆಗೆ ಬಂದಾಗ ಕಳಶದ ಮೇಲೆ ಬಿಸಿಲಿರಲಿಲ್ಲ. ಶಾಂತಮ್ಮ ತಟ್ಟೆ ಎತ್ತಿಟ್ಟಿದ್ದರು, ಬಯ್ಯಲಿಲ್ಲ. "ಎಂತ ಬರೆದೆ, ಓದು," ಎಂದರು.

ಓದಿದಳು. "'ನಾಲ್ಕನೆಯ ಹಂತ: ಆಲೂಗೆಡ್ಡೆಯನ್ನು ಚಾಕುವಿನಿಂದ ಕತ್ತರಿಸಿ ಕಣ್ಣುಗಳನ್ನು ತೋರಿಸುವುದು.'"

"ಚಿಗುರು ಬಂದಿದ್ದನ್ನ ಕೊಯ್ತೀಯಾ?"

"ಪಾಠಕ್ಕೆ ಅತ್ತೆ."

"ಕಣ್ಣು ಹೊರಗೇ ಕಾಣ್ತದೆ. ಕೊಯ್ದು ಎಂತ ತೋರಿಸ್ಬೇಕು? ಎರಡು ವರ್ಷ ಕಲಿಸಿದಾರಲ್ಲ, ಚಾಕು ಇಲ್ಲದೆ ಪಾಠ ಹೇಳೋಕೆ ಬರಲ್ವಾ?"

ಶೀಲಾವತಿ ವಾದಿಸಲು ಬಾಯಿ ತೆರೆದವಳು ಟಿಪ್ಪಣಿಯನ್ನು ಮತ್ತೊಮ್ಮೆ ನೋಡಿದಳು. ಅಲ್ಲಿ ಎಲ್ಲ ಹಂತಗಳಲ್ಲೂ ತೋರಿಸುವವಳು ಅವಳೇ ಆಗಿದ್ದಳು, ಮಕ್ಕಳಿಗೆ ಕೆಲಸವಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿ, 'ಮಕ್ಕಳೇ ಬೆರಳಿನಿಂದ ಮುಟ್ಟಿ ಎಣಿಸುವುದು' ಎಂದು ಬರೆದಳು. "ಪಾಠ ಆದ ಮೇಲೆ ಎರಡನ್ನೂ ಶಾಲೆ ಪಾತೀಲಿ ನೆಡಿಸ್ತೀನಿ," ಎಂದಳು.

"ನೆಡಿಸು. ಅಲ್ಲಾದ್ರೆ ನನ್ನ ಕಣ್ಣಿಗೆ ಬೀಳಲ್ಲ."

ಫೆಬ್ರವರಿ ಹದಿಮೂರು, ಗುರುವಾರ, ಕೊನೆಯ ಪೀರಿಯಡ್ಡು. ಜೊತೆಯವರು ಹಿಂದಿನ ಬೆಂಚುಗಳಲ್ಲಿ ಪುಸ್ತಕ ಬಿಚ್ಚಿ ಕೂತಿದ್ದರು. ಮಂಜುನಾಥಪ್ಪ ಮೇಷ್ಟ್ರು ಕಿಟಕಿಯ ಪಕ್ಕ.

"ಹೋದ ತಿಂಗಳು ನಾನು ನಿಮಗೆ ಆಲೂಗೆಡ್ಡೆ ಬೇರು, ಈರುಳ್ಳಿ ಬೇರು, ಅರಿಸಿನ ಬೇರು ಅಂತ ಬರೆಸಿದ್ದೆ," ಎಂದು ಶೀಲಾವತಿ ಶುರು ಮಾಡಿದಳು. "ಅದು ತಪ್ಪು. ಪುಸ್ತಕ ತೆಗೆದು ಅದನ್ನ ಹೊಡೆದು ಹಾಕಿ."

ಟೀಚರು ಬರೆಸಿದ್ದನ್ನು ಹೊಡೆದುಹಾಕುವ ಅವಕಾಶ ಮಕ್ಕಳಿಗೆ ದಿನಾ ಸಿಗುವಂಥದಲ್ಲ. ಹೊಡೆದುಹಾಕಿದರು, ಕೆಲವರು ಕಾಗದ ಹರಿಯುವಷ್ಟು.

ಆಮೇಲೆ ಗುಂಪು ಗುಂಪಾಗಿ ಮೇಜಿನ ಹತ್ತಿರ ಬಂದರು. ಆಲೂಗೆಡ್ಡೆಯ ಕಣ್ಣು ಒಬ್ಬರಿಗೆ ಒಂಬತ್ತು, ಇನ್ನೊಬ್ಬರಿಗೆ ಹನ್ನೊಂದು. ಜಗಳವಾಗಿ ಮತ್ತೆ ಎಣಿಸಿದರು. ಹತ್ತೇ ಇತ್ತು. ಅರಿಸಿನದ ಗೆಣ್ಣು ಮುಟ್ಟಿದರು. "ಮೂಲಂಗೀಲಿ ಎಷ್ಟು ಕಣ್ಣು?" ಎಂದಾಗ ತಿರುಗಿಸಿ ತಿರುಗಿಸಿ ಸೋತು, "ಕಣ್ಣಿಲ್ಲ ಟೀಚರ್, ಬರೀ ಕೂದಲು!" ಎಂದು ಕೂಗಿದರು. ಚಿಗುರು ಕಾಂಡದ ಗೆಣ್ಣಿನಲ್ಲಿ ಹುಟ್ಟುತ್ತದೆ, ಆದ್ದರಿಂದ ಕಣ್ಣಿರುವುದು ಕಾಂಡ ಎಂಬುದನ್ನು ಶೀಲಾವತಿ ಹೇಳಬೇಕಾಗಲಿಲ್ಲ. ಎರಡನೆಯ ಸಾಲಿನವರೇ ಹೇಳಿದರು. ಟಿಪ್ಪಣಿಯ ಪ್ರಕಾರ ಪಾಠ ಮುಗಿಯಲು ಇನ್ನು ನಾಲ್ಕು ನಿಮಿಷವಿತ್ತು.

ಕೊನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಹೆಸರು ಮಾಸ್ತಮ್ಮ.

"ಟೀಚರ್, ಗೆಣಸು?"

"ಗೆಣಸಿಗೆ ಏನು?"

"ಅದು ಬೇರಾ, ಕಾಂಡಾನಾ? ಮೈಮೇಲೆ ಕೂದಲು ಇರ್ತದೆ, ಮೂಲಂಗಿ ಥರ. ಆದ್ರೆ ಇಟ್ರೆ ಚಿಗುರ್ತದೆ. ನಮ್ಮನೇಲಿ ನಾನೇ ನೋಡಿದ್ದೀನಿ."

ಹಿಂದಿನ ಬೆಂಚಿನಲ್ಲಿ ಹೂವಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಗೆಣಸನ್ನೂ ಶೀಲಾವತಿ ಕೈಯಲ್ಲಿ ಹಿಡಿದವಳಲ್ಲ. ಎರಡರಲ್ಲಿ ಒಂದು ಹೇಳಿದರೆ ಗಂಟೆ ಹೊಡೆಯುತ್ತಿತ್ತು, ಪಾಠ ಮುಗಿಯುತ್ತಿತ್ತು. ಕಿಟಕಿಯ ಪಕ್ಕ ಮೇಷ್ಟ್ರ ಪೆನ್ನು ನಿಂತದ್ದು ಅವಳಿಗೆ ಕಾಣಿಸಿತು.

"ನಂಗೆ ಗೊತ್ತಿಲ್ಲ ಮಾಸ್ತಮ್ಮ," ಎಂದಳು. "ಚಿಗುರು ಬಂದಿರೋದು ನಿಮ್ಮನೇಲಿ ಇದೆಯಾ?"

"ಇದೆ ಟೀಚರ್."

"ನಾಳೆ ತಗೊಂಡ್ ಬಾ. ಚಿಗುರು ಎಲ್ಲಿಂದ ಬಂದಿದೆ, ಕಣ್ಣಿಂದಾನಾ, ಬೇರೆ ಕಡೆಯಿಂದಾನಾ, ಎಲ್ಲಾರೂ ನೋಡೋಣ. ನೋಡಿದ ಮೇಲೆ ಬರ್ಕೊಳ್ಳೋಣ."

ಗಂಟೆ ಹೊಡೆಯಿತು.

ಮಕ್ಕಳು ಹೋದ ಮೇಲೆ ವಿಮರ್ಶೆ. ಈ ಸಲ ಕಪ್ಪುಹಲಗೆಯ ಮಾತು ಯಾರೂ ಎತ್ತಲಿಲ್ಲ. ಮುಂದಿನ ಬೆಂಚಿನ ಒಬ್ಬರು ಎದ್ದು, "ಮಕ್ಕಳ ಎದುರಿಗೆ ಟೀಚರು ಗೊತ್ತಿಲ್ಲ ಅನ್ನಬಾರದಿತ್ತು ಸಾರ್. ತರಗತಿಯಲ್ಲಿ ಬೆಲೆ ಹೋಗುತ್ತೆ," ಎಂದರು. ಇನ್ನಿಬ್ಬರು ತಲೆಯಾಡಿಸಿದರು.

ಮಂಜುನಾಥಪ್ಪ ಮೇಷ್ಟ್ರು ಶೀಲಾವತಿಯ ಟಿಪ್ಪಣಿ ಪುಸ್ತಕ ತಮ್ಮ ಮುಂದೆ ಎಳೆದುಕೊಂಡರು. "ಈ ಪ್ರಶ್ನೆ ಹೋದ ತಿಂಗಳು ಬಂದಿದ್ರೆ ಏನನ್ನುತ್ತಿದ್ರಿ?"

"ಬೇರು ಅಂತಿದ್ದೆ ಸಾರ್."

"ಅದು ಸರಿಯಾದ ಉತ್ತರ," ಎಂದರು ಮೇಷ್ಟ್ರು. "ಗೆಣಸು ಬೇರೇ. ಚಿಗುರು ಬರುತ್ತೆ, ಆದರೆ ಕಣ್ಣಿನಿಂದಲ್ಲ."

ಹಿಂದೆ ಯಾರೋ ಕಿಸಕ್ಕೆಂದರು.

"ಆದರೆ ಹೋದ ತಿಂಗಳಾಗಿದ್ದರೆ, ನೋಡದೆ ಹೇಳಿದ ಆ ಸರಿಯಾದ ಉತ್ತರಕ್ಕೂ ನಾನು ರುಜು ಹಾಕ್ತಿರಲಿಲ್ಲ," ಎಂದು ಅವರು ಪೆನ್ನನ್ನು ಒಮ್ಮೆ ಜಾಡಿಸಿ, ಪುಟದ ಕೆಳಗೆ ನಿಧಾನವಾಗಿ ಹೆಸರು ಬರೆದು, ತಾರೀಖು ಹಾಕಿದರು. ಪಕ್ಕದಲ್ಲಿ ಒಂದು ಸಾಲನ್ನೂ ಬರೆದರು: 'ನಾಳಿನ ಗೆಣಸಿನ ಪಾಠಕ್ಕೆ ನಾನೂ ಬರುತ್ತೇನೆ.'

ಆಲೂಗೆಡ್ಡೆಗಳನ್ನು ನಾಲ್ವರು ಮಕ್ಕಳು ಶಾಲೆಯ ಪಾತಿಯಲ್ಲಿ ನೆಟ್ಟರು. ಶೀಲಾವತಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ಓಣಿಯ ತಿರುವಿಗೆ ಬಂದಾಗ ಶಾಂತಮ್ಮ ಬೇಲಿಯ ಹೊರಗೇ ನಿಂತಿದ್ದರು. ಧರ್ಮಪ್ಪನವರು ಅವರ ಹಿಂದೆ.

"ಎಂತಾಯ್ತು?"

"ರುಜು ಆಯ್ತು ಅತ್ತೆ. ಪರೀಕ್ಷೆಗೆ ಕೂರಬಹುದು."

ಶಾಂತಮ್ಮ ಪುಸ್ತಕ ಇಸಕೊಂಡು ಆ ಪುಟ ತೆರೆದರು. ಓದಲು ಬರುತ್ತಿದ್ದದ್ದು ಸ್ವಲ್ಪ. ರುಜುವಿನ ಮೇಲೆ ಬೆರಳಾಡಿಸಿ, ಪಕ್ಕದ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದರು. "ಗೆ...ಣ...ಸು. ಇದೆಂತದು ಗೆಣಸು?"

ಶೀಲಾವತಿ ಮಾಸ್ತಮ್ಮನ ಪ್ರಶ್ನೆಯನ್ನು ಹೇಳಿದಳು. "ಗೆಣಸು ಬೇರಂತೆ ಅತ್ತೆ."

"ಯಾರು ಹೇಳಿದ್ದು?"

"ಮೇಷ್ಟ್ರು."

"ನೀ ನೋಡಿದ್ಯಾ?"

"ಇಲ್ಲ. ನಾಳೆ ಆ ಹುಡುಗಿ ತರ್ತಾಳೆ."

"ಹಾಗಾದ್ರೆ ನಾಳೆ ನೋಡ್ಕೊಂಡು ಬಾ," ಎಂದು ಶಾಂತಮ್ಮ ಪುಸ್ತಕ ಮಡಚಿ ಅವಳ ಕೈಗೆ ಕೊಟ್ಟರು. "ಆಮೇಲೆ ನಂಗೆ ಹೇಳು."